ಅಜ್ಜಿ ಗಂಧ ಹಚ್ಚಿದ ಕ್ಯಾಸೆಟ್ಟು

ಆಗಿನ ಡೊಂಬಿವಲಿಯ ಸಂಜೆಗಳು ಈಗಲೂ ನನಗೆ ಪಾಚಿಬಣ್ಣದಲ್ಲೇ ನೆನಪಾಗುತ್ತವೆ. ಅಕ್ಕನ ಹತ್ತಿರ ಕೈಯಲ್ಲಿ ಹಿಡಿದು ಆಡುವ ಒಂದು ವಿಡಿಯೋ ಗೇಮಿತ್ತು. ಅದರ ಪಾಚಿಬಣ್ಣದ ಪರದೆಗೆ ಸ್ವಂತ ಬೆಳಕಿರಲಿಲ್ಲ. ಹಾಗಾಗಿ ನಾವಿಬ್ಬರೂ ಬಿಸಿಲಿನ ಹಿಂದೆಯೇ ಸರಿಯುತ್ತಾ ಮನೆ ಮುಂದಿನ ಗ್ಯಾಲರಿಯ ಮೂಲೆ ಸೇರುತ್ತಿದ್ದೆವು. ದೂರದಲ್ಲಿ ಲೋಕಲ್ ಟ್ರೇನಿನ ಸದ್ದು, ಪಕ್ಕದ ಮನೆಯಿಂದ ಬೊಂಬಿಲ್ ಮೀನು ಹುರಿಯುವ ವಾಸನೆ, ಪರದೆಯಲ್ಲಿ ಒಂದು ಕೆರೆ, ದೋಣಿ, ಗಾಳ. ಆ ಕೆರೆ ಕಲ್ಯಾಣದ ಆಚೆ ಎಲ್ಲೋ ನಿಜವಾಗಿಯೇ ಇದೆ ಎಂದು ನಾನು ನಂಬಿದ್ದೆ.

ಆಟ ಇದ್ದದ್ದು ಗೇಮಿನ ಬೆನ್ನಿಗೆ ತೂರಿಸುವ ಒಂದು ಪುಟ್ಟ ಕ್ಯಾಸೆಟ್ಟಿನಲ್ಲಿ. ಹಾಳಾದರೆ ಇನ್ನೊಂದು ಸಿಗುವ ಮಾತೇ ಇರಲಿಲ್ಲ. ಬಿಲ್ಡಿಂಗಿನ ಹುಡುಗರೆಲ್ಲ ತಮ್ಮ ಕ್ಯಾಸೆಟ್ಟುಗಳ ಬಾಯಿಗೆ ಉಫ್ ಎಂದು ಊದಿ ಹಾಕುತ್ತಿದ್ದರು. ಅಕ್ಕ ಮಾತ್ರ ಬಿಡುತ್ತಿರಲಿಲ್ಲ.

"ಎಂಜಲು ತಾಗಿದ್ರೆ ಒಳಗಿನ ಪಟ್ಟಿ ಕಪ್ಪಾಗ್ತದೆ. ಸುಮ್ ಸುಮ್ನೆ ತೆಗ್ದು ಹಾಕ್ಬೇಡ, ಉಜ್ಜಿ ಉಜ್ಜಿ ಸವೀತದೆ."

ಕ್ಯಾಸೆಟ್ಟನ್ನು ಗೇಮಿನ ಹೊಟ್ಟೆಯಲ್ಲೇ ಬಿಟ್ಟು, ಇಡೀ ಗೇಮನ್ನು ಅಪ್ಪನ ಹಳೇ ಬನಿಯನ್ನಿನಲ್ಲಿ ಸುತ್ತಿ ಕಪಾಟಿನಲ್ಲಿ ಮಲಗಿಸುತ್ತಿದ್ದಳು. ನನ್ನನ್ನು ಯಾರೂ ಅಷ್ಟು ಜೋಪಾನವಾಗಿ ಮಲಗಿಸಿದ್ದಿಲ್ಲ.

ಆ ವರ್ಷ ಆಯುಧಪೂಜೆಗೆ ಅಪ್ಪ ರಬಾಳೆಯಲ್ಲಿದ್ದ ತಮ್ಮ ಕ್ಯಾಂಟೀನಿನಿಂದ ಸಟ್ಟುಗ, ಚೂರಿಗಳನ್ನು ತಂದಿಟ್ಟರು. ಅಕ್ಕ ಗೇಮನ್ನೂ ಇಟ್ಟಳು. ಕ್ಯಾಸೆಟ್ಟಿಗೂ ಪ್ರತ್ಯೇಕ ಪೂಜೆ ಸಲ್ಲಲಿ ಎಂದು ಅದನ್ನು ಹೊರತೆಗೆದು ಪಕ್ಕದಲ್ಲಿಟ್ಟಳು. ಗಂಧ ತೇಯ್ದು ಹಚ್ಚುವ ಕೆಲಸ ಅಜ್ಜಿಯದು. ಅಜ್ಜಿ ಯಾವುದನ್ನೂ ಅರೆಬರೆ ಮಾಡುವವರಲ್ಲ. ಕ್ಯಾಸೆಟ್ಟಿನ ಮೇಲಿನ ಚೀಟಿಯ ಮೂಲೆಗೊಂದು ಬೊಟ್ಟು ಇಟ್ಟರು. ಆಮೇಲೆ ಅದರ ಬಾಯಿಯಲ್ಲಿ ಹೊಳೆಯುವ ಚಿನ್ನದ ಪಟ್ಟಿಗಳನ್ನು ಕಂಡು, ಬೆರಳ ತುಂಬ ಗಂಧ ತೆಗೆದು ಅಲ್ಲಿಗೂ ಬಳಿದರು.

"ಅಜ್ಜೀ!" ಅಕ್ಕ ಕಿರುಚಿದಳು.

"ಎಂತಕ್ಕೆ ಕೂಗ್ತಿ? ಅದೂ ಯಂತ್ರವೇ ಅಲ್ವಾ ಮಗಾ?"

ಒರೆಸುವಂತಿರಲಿಲ್ಲ. ಪೂಜೆಗಿಟ್ಟದ್ದನ್ನು ಮರುದಿನದ ಮಂಗಳಾರತಿಯವರೆಗೆ ಮುಟ್ಟಬಾರದೆಂಬುದು ಮನೆಯ ಕಟ್ಟುನಿಟ್ಟು. ಅಕ್ಕ ಸಿಹಿ ಅವಲಕ್ಕಿಯ ತಟ್ಟೆ ಹಿಡಿದು ಅದನ್ನೇ ನೋಡುತ್ತಾ ಕೂತಳು. ಗಂಧ ಒಣಗಿ ಬಿರುಕು ಬಿಡುತ್ತಿತ್ತು. ಅಲ್ಲಿ ಗಂಧ ಕೂತರೆ ಆಟ ಬಾರದೆಂದು ತಿಳಿದ ಮೇಲೆ ಅಜ್ಜಿ ತಮ್ಮ ಬೆರಳನ್ನೇ ಸೆರಗಿಗೆ ಒರೆಸಿಕೊಳ್ಳುತ್ತಾ ಕೂತರು. ಅವರ ಮುಖ ನೋಡಿ ನನಗೆ ಸಂಕಟವಾಯಿತು.

ಮರುದಿನ ಅಕ್ಕ ದವಾಖಾನೆಯಿಂದ ಸ್ಪಿರಿಟ್ಟು ತಂದು, ಕಡ್ಡಿಗೆ ಹತ್ತಿ ಸುತ್ತಿ, ಒಂದೊಂದೇ ಪಟ್ಟಿಯನ್ನು ಒರೆಸಿದಳು. ಮನೆಯೆಲ್ಲ ಗಂಧ, ಸ್ಪಿರಿಟ್ಟುಗಳ ವಾಸನೆ. ಗುಂಡಿ ಒತ್ತಿದರೆ ಪರದೆ ಖಾಲಿ. ಮತ್ತೆ ಒರೆಸಿ, ಪೂರ್ತಿ ಒಣಗಲು ಬಿಟ್ಟಳು. ಆಮೇಲೆ ಕೆರೆ ಬಂತು.

ಅಜ್ಜಿ ಕಣ್ಣೊರೆಸಿಕೊಂಡು, "ನನಗೂ ಒಮ್ಮೆ ಕೊಡು, ನೋಡುವಾ" ಎಂದರು. ಮೀನು ಗಾಳಕ್ಕೆ ಮೂತಿ ಮುಟ್ಟಿಸಿದೊಡನೆ ನಾವು ಗುಂಡಿ ಒತ್ತಿ ಕಳೆದುಕೊಳ್ಳುತ್ತಿದ್ದೆವು. ಉಡುಪಿ ಕಡೆಯ ಹೊಳೆಬದಿಯಲ್ಲಿ ಬೆಳೆದ ಅಜ್ಜಿಗೆ ಅವಸರವೇ ಇರಲಿಲ್ಲ. "ಸರೀ ನುಂಗ್ಲಿ ಮಾರಾಯ್ತಿ" ಎನ್ನುತ್ತಾ ಕಾದರು. ಎಲ್ಲರಿಗಿಂತ ದೊಡ್ಡ ಮೀನು ಅವರಿಗೇ ಸಿಕ್ಕಿತು. ದೊಡ್ಡ ಮೀನು ಹಿಡಿದವರ ಹೆಸರನ್ನು ಆಟ ಕೇಳಿದಾಗ ಅಕ್ಕ ಇಂಗ್ಲಿಷ್ ಅಕ್ಷರಗಳಲ್ಲಿ "ಅಜ್ಜಿ" ಎಂದು ಬರೆದಳು. ಅಂದಿನಿಂದ ಆ ಹೆಸರು ಉಳಿಯಲೆಂದೇ ಕ್ಯಾಸೆಟ್ಟಿನ ಉಪಚಾರ ಇನ್ನೂ ಜೋರಾಯಿತು.

ಅಜ್ಜಿ ಹೋಗಿ ವರ್ಷಗಳಾದವು. ಮೊನ್ನೆ ಬದಲಾಪುರದ ಅಕ್ಕನ ಮನೆಯಲ್ಲಿ ಅದೇ ಬನಿಯನ್ನಿನ ಗಂಟು ಬಿಚ್ಚಿದೆವು. ಪಟ್ಟಿಗಳು ಒಂದಿಷ್ಟೂ ಸವೆದಿರಲಿಲ್ಲ. ಹೊಸ ಸೆಲ್ಲು ಹಾಕಿದ್ದೇ ಕೆರೆ ಬಂತು, ದೋಣಿಯೂ ಬಂತು. ಹೆಸರುಗಳ ಜಾಗ ಮಾತ್ರ ಖಾಲಿ. ಹೆಸರುಗಳನ್ನು ಕಾಯುವುದು ಕ್ಯಾಸೆಟ್ಟಿನೊಳಗಿನ ಇನ್ನೊಂದು ಪುಟ್ಟ ಸೆಲ್ಲಂತೆ. ನಾವು ಮುಟ್ಟಲಿ ಬಿಡಲಿ, ಅದು ತನ್ನಷ್ಟಕ್ಕೆ ಮುಗಿಯುತ್ತದಂತೆ. ಇಷ್ಟು ವರ್ಷ ನಾವು ಪಟ್ಟಿಗಳನ್ನು ಕಾಯುತ್ತಾ ಕೂತಿದ್ದೆವು. ನನಗೆ ಅಳು ಬಂತು.

ಅಕ್ಕನ ಮಗಳು ಕ್ಯಾಸೆಟ್ಟನ್ನು ತಿರುಗಿಸಿ ನೋಡಿದಳು. ಚೀಟಿಯ ಮೂಲೆಯಲ್ಲಿ ಬೆರಳಗಲದ ಹಳದಿ ಕಲೆ.

"ಮಾಮಾ, ಯೇ ದಾಗ್ ಸಾಫ್ ಕರೂಂ?" ಕಲೆ ಒರೆಸಲು ಹೊರಟೇ ಕೇಳಿದಳು.

"ಬೇಡ!" ಅಕ್ಕನೂ ನಾನೂ ಒಟ್ಟಿಗೇ ಕೂಗಿದೆವು.