ಕಡಲೆ ಹುಳಿಯ ಸೀಸೆ

ನಮ್ಮ ಮನೆಯಲ್ಲಿ ಹುಳಿಯಿಲ್ಲದ ಊಟ ಊಟವೇ ಅಲ್ಲ. ಹುಣಸೆಹಣ್ಣು, ಪುಂಡಿ ಸೊಪ್ಪು, ಹುಳಿ ಮಜ್ಜಿಗೆ, ಯಾವುದಾದರೂ ಒಂದು ಇರಲೇಬೇಕು. ಚಿತ್ರದುರ್ಗದ ನಮ್ಮ ಬೀದಿಗೂ ಈಗ ಮೈಯೊಳಗಿನ ವಿಷ ತೆಗೆಯುತ್ತವೆ ಎನ್ನುವ ಬಣ್ಣದ ಪಾನೀಯದ ಬಾಟಲಿಗಳು ಬಂದಿವೆ. ಪಕ್ಕದ ಮನೆಯಾಕೆ ಅದನ್ನು ಕುಡಿದು ಮುಖ ಸಿಂಡರಿಸುವಾಗ ನನಗೆ ನಗು ತಡೆಯಲಾಗುವುದಿಲ್ಲ. ಹುಳಿ ಬೇಕಿದ್ದರೆ ನಮ್ಮನೆಗೆ ಬರಬಾರದೇ!

ನಮ್ಮ ಹುಳಿಗಳಲ್ಲೆಲ್ಲ ಹಿರಿದು ಕಡಲೆ ಹುಳಿ. ಐಮಂಗಲದ ಹತ್ತಿರ ಅತ್ತೆಯವರ ಎರೆಹೊಲವಿದೆ. ಚಳಿಗಾಲದ ಸಂಜೆ ಕಡಲೆ ಗಿಡಗಳ ಮೇಲೆ ಒಗೆದ ಬಿಳಿ ಪಂಚೆ ಹಾಸಿ ಬರುತ್ತಾರೆ. ಎಲೆಯ ಹುಳಿ ಇಬ್ಬನಿಯಲ್ಲಿ ಕರಗಿ ಬಟ್ಟೆಗೆ ಇಳಿಯುತ್ತದೆ. ಬಿಸಿಲೇರುವ ಮುಂಚೆ ಹಿಂಡಿ ಗಾಜಿನ ಸೀಸೆಗೆ ತುಂಬಬೇಕು. ಅಜೀರ್ಣವಾದರೆ ಒಂದು ಚಮಚ, ಅದೂ ನೀರಿಗೆ ಬೆರೆಸಿ. ಹೊಟ್ಟೆಯೊಳಗಿನ ವಿಷವನ್ನೆಲ್ಲ ಅದು ಕಡಿದು ಹಾಕುತ್ತದೆ ಅನ್ನುತ್ತಾರೆ ಅತ್ತೆ. ಅಷ್ಟನ್ನು ನಾನು ಆಣೆಯಿಟ್ಟು ಹೇಳಲಾರೆ. ಆ ಕೆಲಸಕ್ಕೆ ದೇವರು ಲಿವರು, ಕಿಡ್ನಿ ಕೊಟ್ಟಿದ್ದಾನೆ. ಆದರೆ ಹಬ್ಬದ ಹೋಳಿಗೆ ಜಾಸ್ತಿಯಾಗಿ ಹೊಟ್ಟೆ ಉಬ್ಬರಿಸಿದಾಗಲೆಲ್ಲ ಆ ಒಂದು ಚಮಚದಿಂದ ನನಗೆ ಹಾಯೆನಿಸಿದೆ. ಅದರಲ್ಲಿ ಎರಡು ಮಾತಿಲ್ಲ.

ಹೋದ ಚಳಿಗಾಲ ನಾನು ಊರಿಗೆ ಹೋಗುವಷ್ಟರಲ್ಲಿ ಅತ್ತೆ ಪಂಚೆ ಹಾಸಿ ಬಂದಿದ್ದರು. ಬೆಳಗ್ಗೆ ಇಬ್ಬರೂ ಹೋಗಿ ಹಿಂಡಿದೆವು. ಮನೆಗೆ ಬಂದು ಜಗಲಿಯ ಮೇಲೆ ಕೂತು ಅತ್ತೆ ಒಂದು ಚಮಚ ಹುಳಿಯನ್ನು ಲೋಟದ ನೀರಿಗೆ ಬಿಟ್ಟುಕೊಂಡರು. ಆಗ ಬಂದ ನನ್ನ ಮೈದುನ ಸೀಸೆ ನೋಡಿ ಗಾಬರಿಯಾದ.

"ಅವ್ವಾ, ನಮ್ಮ ಹೊಲದ್ದಾ ಇದು? ಕಾಯಿಗೆ ಹುಳ ಬಿದ್ದೈತೆ ಅಂತ, ನೀ ಚಿಕ್ಕವ್ವನ ಊರಿಗೆ ಹೋಗಿದ್ದಾಗ ಔಷಧಿ ಹೊಡ್ದೀನಿ."

ನಾನು ಸೀಸೆಯನ್ನು ದೂರ ಸರಿಸಿದೆ. ಅತ್ತೆ ಮಾತ್ರ ಜಗ್ಗಲಿಲ್ಲ.

"ಹೊಡ್ದ್ರೆ ಏನಾತು? ವಿಷ ಕಡಿಯಾಕೇ ಅಲ್ವೇನಪ್ಪ ಈ ಹುಳಿ ಇರಾದು?" ಎಂದು ಲೋಟ ಎತ್ತಿದರು.

ಮದುವೆಯಾಗಿ ಬಂದಾಗಿನಿಂದ ನಾನು ಅತ್ತೆಗೆ ಎದುರಾಡಿದವಳಲ್ಲ. ಅವತ್ತು ಲೋಟದ ಬಾಯಿಗೆ ಅಂಗೈ ಮುಚ್ಚಿ ಹಿಡಿದೆ.

"ಬ್ಯಾಡ್ರಿ ಅತ್ತೆ. ಬಟ್ಟೆ ಇಬ್ಬನಿ ಒಂದೇ ಹೀರಲ್ಲ, ಎಲೆ ಮ್ಯಾಲಿರಾದನ್ನೆಲ್ಲ ಹೀರ್ತೈತೆ. ನಿಮಗೇನಾದ್ರೂ ಆದ್ರೆ ನಾನೇನ್ ಮಾಡ್ಲಿ?"

"ನಮ್ಮತ್ತೆ ಕಾಲದಿಂದ ಕುಡ್ಕಂಡು ಬಂದೀವಿ. ಯಾರಿಗೇನಾಗೈತೆ?"

"ಅವ್ರ ಕಾಲದಾಗೆ ಯಾರು ಔಷಧಿ ಹೊಡಿತಿದ್ರು?"

ಅತ್ತೆ ಲೋಟ ಕೆಳಗಿಟ್ಟರು. ಊರಾಚೆಯ ಬೀಳು ಜಾಗದಲ್ಲಿ ಮೈದುನನಿಂದ ಗುಂಡಿ ತೋಡಿಸಿ ಹುಳಿಯನ್ನೆಲ್ಲ ಸುರಿಸಿದೆ. ಹಿಂಡಿದ ಕೈಗಳನ್ನು ಇಬ್ಬರೂ ಸೋಪು ಹಾಕಿ ತೊಳೆದೆವು. ಅಷ್ಟಾದ ಮೇಲೆ ಅತ್ತೆ ನನ್ನ ಹತ್ತಿರ ಮಾತು ಬಿಟ್ಟರು. ನಾನು ಹೊರಟಾಗಲೂ "ಹೋಗಿ ಬಾರಮ್ಮ" ಅನ್ನಲಿಲ್ಲ. ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆ. ಆದರೆ ಮಾಡಿದ್ದು ಸರಿಯೋ ತಪ್ಪೋ ಎಂಬ ಅಳುಕು ಎಳ್ಳಷ್ಟೂ ಇರಲಿಲ್ಲ.

ಈ ಸಲ ಬಿತ್ತನೆಯ ಹೊತ್ತಿಗೆ ಅತ್ತೆ ಹೊಲದಿಂದ ದೂರ, ಮನೆಯ ಹಿತ್ತಲಲ್ಲೇ ಒಂದು ಮಡಿ ಮಾಡಿ ಕಡಲೆ ಹಾಕಿದರಂತೆ. ಗಿಡ ಬೆಳೆದ ಮೇಲೆ ಮೈದುನ ಔಷಧಿ ಡಬ್ಬಿ ಬೆನ್ನಿಗೇರಿಸಿಕೊಂಡು ಅಲ್ಲಿಗೂ ಹೋಗಿದ್ದಾನೆ.

"ಹುಳ ಎಲ್ಲಾ ತಿಂದ್ ಹಾಕ್ತಾವವ್ವ."

"ತಿನ್ಲಿ ಬಿಡು. ನಂಗೆ ಹುಳ ಬದುಕಿರಾ ಗಿಡದ ಹುಳಿನೇ ಬೇಕು" ಎಂದು ವಾಪಸ್ಸು ಕಳಿಸಿದರಂತೆ. ಫೋನಿನಲ್ಲಿ ಅವನು ಹೇಳಿದಾಗ ನನಗೆ ಕುಣಿಯುವಷ್ಟು ಖುಷಿಯಾಯಿತು.

ಚಳಿ ಬಲಿತ ಮೇಲೆ ಊರಿಗೆ ಹೋದೆ. ಮಡಿಯಲ್ಲಿ ಅರ್ಧಕ್ಕರ್ಧ ಕಾಯಿ ತೂತು. ಬೆಳಗ್ಗೆ ಪಂಚೆ ಹಿಂಡಿದರೆ ಸೀಸೆಯ ತಳ ಮುಚ್ಚುವಷ್ಟೇ ಹುಳಿ ಸಿಕ್ಕಿತು. ಅತ್ತೆ ಅಲ್ಲೇ ನಿಂತು ಒಂದು ಚಮಚ ನೀರಿಗೆ ಬೆರೆಸಿಕೊಂಡರು. ಕುಡಿಯಲಿಲ್ಲ. ಲೋಟ ಕೈಯಲ್ಲಿ ಹಿಡಿದೇ ನನ್ನ ಮುಖ ನೋಡಿದರು.

"ಒಂದೀಟು ನೋಡಮ್ಮ, ಸರಿ ಐತಾ?"

ನಾನು ಬಗ್ಗಿ ಒಂದು ರೆಂಬೆ ಎತ್ತಿದೆ. ದಪ್ಪನೆಯ ಹಸಿರು ಹುಳುವೊಂದು ಕಾಯೊಳಗೆ ತಲೆ ತೂರಿಸಿ ಆರಾಮಾಗಿ ತಿನ್ನುತ್ತಿತ್ತು.

"ಕುಡೀರಿ ಅತ್ತೆ" ಎಂದೆ.