ಬಾದಾಮಿಯಲ್ಲಿ ಬಿದ್ದ ಅಕ್ಕಿಕಾಳು

ಇಳಕಲ್ಲಿನಲ್ಲಿ ನಮ್ಮದೊಂದು ಫೋಟೊ ಸ್ಟುಡಿಯೊ. ಕ್ಯಾಮೆರಾ ನಮ್ಮ ಮನೆಯವರ ಪಾಲಿಗೆ, ಕಂಪ್ಯೂಟರ್ ನನ್ನ ಪಾಲಿಗೆ. ಅವರು ಮದುವೆ ಮಂಟಪದಲ್ಲಿ ‘ನಗ್ರಿ, ಸ್ವಲ್ಪ ನಗ್ರಿ’ ಎನ್ನುತ್ತ ತಿರುಗಿದರೆ, ನಾನು ಒಂದು ಮೂಲೆಯಲ್ಲಿ ಮೇಜು ಹಾಕಿಸಿಕೊಂಡು ಮುಖ ಗಂಟಿಕ್ಕಿ ಕೂತಿರುತ್ತೇನೆ. ಮದುವೆಯನ್ನು ಅಲ್ಲಿಂದಲೇ ಇಂಟರ್ನೆಟ್ಟಿನಲ್ಲಿ ಬಿಡುವುದು ಈಗ ಬಂದ ಹೊಸ ಕೆಲಸ. ಲಗ್ನಪತ್ರಿಕೆಯ ಜೊತೆಗೊಂದು ಲಿಂಕ್ ಹೋಗದಿದ್ದರೆ ಬೀಗರಿಗೆ ಸಮಾಧಾನವಿಲ್ಲ.

ಈ ಕೆಲಸದ ಜೀವವೆಲ್ಲ ಇರುವುದು ಎನ್‌ಕೋಡರ್ ಎಂಬ ಅಂಗೈ ಅಗಲದ ಡಬ್ಬಿಯಲ್ಲಿ. ಕ್ಯಾಮೆರಾದ ಚಿತ್ರವನ್ನು ಅದು ಹಿಂಡಿ ಸಣ್ಣದು ಮಾಡಿ ಇಂಟರ್ನೆಟ್ಟಿಗೆ ದಾಟಿಸುತ್ತದೆ. ಚಿತ್ರ ತುಂಡು ತುಂಡಾಗಿ ಹೋಗಿ ಆ ಕಡೆಯ ಟಿವಿಯಲ್ಲಿ ಮತ್ತೆ ಕೂಡುತ್ತದೆ. ನಮ್ಮ ಕಡೆಯ ನೆಟ್‌ವರ್ಕ್ ನಂಬುವಂಥದ್ದಲ್ಲ; ಒಂದು ತುಂಡು ತಡವಾದರೂ ಚಿತ್ರ ನಿಂತು ಪರದೆಯ ಮೇಲೆ ಚಕ್ರ ತಿರುಗುತ್ತದೆ. ಮೊದಮೊದಲು ತಾಳಿ ಕಟ್ಟುವಾಗಲೇ ಚಕ್ರ ತಿರುಗಿ ನಾನು ಬೇಕಾದಷ್ಟು ಬೈಸಿಕೊಂಡಿದ್ದೇನೆ. ಆಮೇಲೆ ಬುದ್ಧಿ ಬಂತು. ನಾಲ್ಕು ರೊಟ್ಟಿ ಮೊದಲೇ ಬಡಿದಿಟ್ಟುಕೊಂಡು ಪಂಕ್ತಿ ಕೂಡಿಸುವಂತೆ, ತುಂಡುಗಳು ಸಾಕಷ್ಟು ಜಮಾ ಆದ ಮೇಲೆಯೇ ಟಿವಿಯಲ್ಲಿ ಚಿತ್ರ ಬರುವ ಹಾಗೆ ಹೊಂದಿಸಿದೆ. ಚಕ್ರ ನಿಂತಿತು, ಬೈಗುಳವೂ ನಿಂತಿತು. ನಾನು ಬಹಳ ಜಾಣೆ ಎಂದುಕೊಂಡೆ.

ಹೋದ ಬೇಸಿಗೆಯಲ್ಲಿ ಹುನಗುಂದದ ಒಂದು ಮದುವೆ ಒಪ್ಪಿಕೊಂಡೆವು. ಮದುಮಗಳ ತಾಯಿಯ ತಾಯಿ, ಮನೆಯವರೆಲ್ಲ ಆಯಿ ಎಂದು ಕರೆಯುವವರು, ಬಾದಾಮಿಯಲ್ಲಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಮದುಮಗಳು ಬೆಳೆದದ್ದೇ ಅವರ ಕೈಯಲ್ಲಿ. ಮದುಮಗಳ ತಂದೆ ಸ್ಟುಡಿಯೊಗೆ ಬಂದು ಕೂತರು.

“ನಮ್ಮ ಅತ್ತಿಯವ್ರು ಒಂದ ಹಟ ಹಿಡದಾರ್ರಿ. ಎಲ್ಲಾರ ಜೋಡಿ ತಾವೂ ಅಕ್ಕಿಕಾಳ ಹಾಕಬೇಕಂತ. ಟಿವಿ ಮುಂದ ನಿಮ್ಮ ಪೈಕಿ ಒಬ್ರು ಕೂಡ್ರಬೇಕು. ನಡುವ ಚಿತ್ರ ನಿಂತ್ರ ಮುದುಕಿ ನನ್ನ ಜೀವಂತ ಬಿಡೂದಿಲ್ಲ.”

ನಮ್ಮ ಕಡೆ ಮದುವೆಯೆಂದರೆ ಅಕ್ಕಿಕಾಳು, ಅಂದರೆ ಅಕ್ಷತೆ. ಮುಹೂರ್ತಕ್ಕೆ ಸರಿಯಾಗಿ ವಾಜಂತ್ರಿಯ ಓಲಗ ಜೋರಾದಾಗ ನೆರೆದವರೆಲ್ಲ ಮದುಮಕ್ಕಳ ಮೇಲೆ ಒಟ್ಟಿಗೆ ಹಾಕಬೇಕು. ಐದು ನಿಮಿಷ ತಡವಾಗಿ ಬಂದವರನ್ನು ‘ಅಕ್ಕಿಕಾಳು ಸಿಗಲಿಲ್ಲೇನು?’ ಎಂದು ಎಲ್ಲರೂ ಕೇಳುತ್ತಾರೆ, ಅವರು ಊಟದ ಹೊತ್ತಿನಲ್ಲೂ ಮುಖ ಸಣ್ಣದು ಮಾಡಿಕೊಂಡಿರುತ್ತಾರೆ. ಆಯಿಯ ಹಟ ನನಗೆ ಅರ್ಥವಾಯಿತು. ಬಾದಾಮಿಗೆ ನಾನೇ ಹೋಗುತ್ತೇನೆ ಎಂದೆ; ಆ ದಿನ ಮಂಟಪದ ಕಂಪ್ಯೂಟರೂ ಮನೆಯವರ ಪಾಲಿಗೆ.

ಮದುವೆಯ ದಿನ ಅವರ ಮನೆಯಲ್ಲಿ ಆಯಿ ಮತ್ತು ಪಕ್ಕದ ಮನೆಯ ಹೆಣ್ಣುಮಗಳು ಇಬ್ಬರೇ ಇದ್ದರು. ಆಯಿ ಹೊಸ ಸೀರೆಯುಟ್ಟು, ಬೆನ್ನಿಗೆ ದಿಂಬು ಕೊಟ್ಟುಕೊಂಡು, ಹಳದಿ ಹಚ್ಚಿದ ಅಕ್ಕಿಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗಿನಿಂದಲೇ ತಯಾರಾಗಿ ಕೂತಿದ್ದರು. ಟಿವಿ ಹಚ್ಚಿದೆ. ಹುನಗುಂದದ ಮಂಟಪ ಕಾಣಿಸಿತು.

“ಯವ್ವಾ, ಇದು ಈಗಿಂದೀಗ ಕಾಣ್ತೈತಿ, ಹೌದಿಲ್ಲೊ?”

“ಈಗಿಂದೀಗರೀ ಆಯಿ. ಲೈವ್ ಅಂದ್ರ ಅದ ಅಲ್ರಿ,” ಎಂದು ಸೊಕ್ಕಿನಿಂದ ಹೇಳಿದೆ.

ಒಮ್ಮೆ ಪರೀಕ್ಷೆ ಮಾಡಿ ನೋಡೋಣವೆಂದು ಮನೆಯವರಿಗೆ ಫೋನು ಹಚ್ಚಿದೆ. ಕ್ಯಾಮೆರಾ ಮುಂದೆ ಬಂದು ಕೈ ಎತ್ತಿ ಎಂದೆ.

“ಎತ್ತೀನಿ.”

“ಎಲ್ಲಿ ಎತ್ತೀರಿ? ನನಗ ಕಾಣವಲ್ದು.”

“ಎರಡೂ ಕೈ ಎತ್ತೀನಿ ಮಾರಾಯ್ತಿ. ಮಂದಿ ನಗಾಕತ್ತಾರ.”

ಟಿವಿಯಲ್ಲಿ ಒಬ್ಬ ಹೂವಿನ ಮಾಲೆ ಕಟ್ಟುತ್ತಿದ್ದ, ಅಷ್ಟೇ. ಸುಳ್ಳು ಹೇಳಬೇಡಿರಿ ಎಂದು ನಾನು ರೇಗಿದೆ. ಅವರು ಫೋನು ಕಡಿದರು. ಎದ್ದು ಟಿವಿಯ ವೈರು ಅಲುಗಾಡಿಸುತ್ತಿದ್ದಾಗ ನಮ್ಮ ಮನೆಯವರು ಪರದೆಯ ಮೇಲೆ ಬಂದರು. ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ಎರಡೂ ಕೈ ಎತ್ತಿ, ನನ್ನ ಮೇಲೆ ಸಿಟ್ಟು ಮಾಡುತ್ತಿದ್ದರು. ಆಗಲೇ ಮುಗಿದುಹೋದ ಜಗಳವನ್ನು ನಾನು ಇನ್ನೊಮ್ಮೆ ನೋಡಿದೆ.

ನನಗೆ ದಿಕ್ಕು ತಪ್ಪಿದಂತಾಯಿತು. ಮತ್ತೆ ಫೋನು ಹಚ್ಚಿ, ಚಪ್ಪಾಳೆ ಹೊಡೆಯಲು ಹೇಳಿ, ಎಣಿಸಿದೆ. ಕಿವಿಯಲ್ಲಿ ಕೇಳಿದ ಚಪ್ಪಾಳೆ ಟಿವಿಗೆ ಬರುವಷ್ಟರಲ್ಲಿ ಐವತ್ತು ದಾಟಿತ್ತು. ಇಷ್ಟು ಮದುವೆ ಮಾಡಿದರೂ ನಾನು ಕೂತದ್ದೆಲ್ಲ ಕಳಿಸುವ ಕಡೆ. ನೋಡುವವರ ಕಡೆ ಒಮ್ಮೆಯೂ ಕೂತಿರಲಿಲ್ಲ. ಸ್ವಲ್ಪ ತಡವಾಗುತ್ತದೆ ಎಂದು ಗೊತ್ತಿತ್ತು. ಆ ಸ್ವಲ್ಪವನ್ನು ನಾನೇ ಇಷ್ಟು ದೊಡ್ಡದು ಮಾಡಿಟ್ಟಿದ್ದೇನೆಂದು ಗೊತ್ತಿರಲಿಲ್ಲ.

ತಡ ಕಡಿಮೆ ಮಾಡುವುದು ಹೇಗೆಂದು ಮನೆಯವರಿಗೆ ಫೋನಿನಲ್ಲೇ ಹೇಳಿಕೊಟ್ಟೆ. ಮಾಡಿದ ಕೂಡಲೇ ಮಂಟಪ ಮಾಯವಾಗಿ ಚಕ್ರ ತಿರುಗತೊಡಗಿತು. “ನಿಂತತಲ್ಲೋ ಯಪ್ಪಾ!” ಎಂದು ಆಯಿ ಎದೆ ಹಿಡಿದುಕೊಂಡರು. ಮೊದಲಿನಂತೆಯೇ ಇಡಿಸಿದೆ. ಚಿತ್ರ ಬಂತು. ಅಷ್ಟರಲ್ಲಿ ಮುಹೂರ್ತಕ್ಕೆ ಐದೇ ನಿಮಿಷ ಉಳಿದಿತ್ತು.

ಏನು ಮಾಡಲಿ? ಫೋನಿನಲ್ಲಿ ಕೇಳಿದಾಗ ಹಾಕಿಸಲೋ, ಟಿವಿಯಲ್ಲಿ ಕಂಡಾಗ ಹಾಕಿಸಲೋ? ಖರೆ ಮುಹೂರ್ತ ಫೋನಿನದು. ಆದರೆ ಮೊಮ್ಮಗಳು ಕಾಣುವುದು ಟಿವಿಯಲ್ಲಿ. ಆಯಿಗೆ ಬಿಡಿಸಿ ಹೇಳೋಣವೆಂದರೆ ‘ಈಗಿಂದೀಗ’ ಎಂದ ಬಾಯಿ ನನ್ನದೇ. ಹೇಳಲು ಹೆದರಿಕೆಯಾಯಿತು. ಸುಮ್ಮನೆ ಫೋನನ್ನು ಕಿವಿಗೆ ಒತ್ತಿಕೊಂಡು ಕೂತೆ.

ಕಿವಿಯಲ್ಲಿ ವಾಜಂತ್ರಿ ಒಮ್ಮೆಲೇ ಜೋರಾಯಿತು.

“ಆಯಿ, ಹಾಕ್ರಿ! ಈಗ ಹಾಕ್ರಿ!” ಎಂದು ಕೂಗಿದೆ.

ಪಕ್ಕದ ಮನೆಯವಳು ನನ್ನ ಕೂಗಿಗೆ ಗಾಬರಿಯಾಗಿ ಮುಷ್ಟಿ ಎತ್ತಿದಳು. ಆಯಿ ಅವಳ ಕೈ ಹಿಡಿದು ಕೆಳಗಿಳಿಸಿದರು. “ಅಲ್ಲೆ ಇನ್ನೂ ಕಾಳ ಹಂಚಾಕತ್ತಾರ, ನಿನಗ ಕಣ್ಣ ಕಾಣಸೂದಿಲ್ಲೇನ? ತಾಳಿಗಿಂತ ಮದ್ಲ ಹಾಕಿ ಅಪಶಕುನ ಮಾಡ್ಲೇನು?”

ಕಿವಿಯಲ್ಲಿ ವಾಜಂತ್ರಿ ಏರಿ, ಇಳಿದು, ಯಾರೋ “ಊಟಕ್ಕ ನಡೀರಿ” ಎನ್ನುತ್ತಿರುವುದು ಕೇಳಿಸಿತು. ಅದೇ ಹೊತ್ತಿಗೆ ಟಿವಿಯಲ್ಲಿ ವಾಜಂತ್ರಿ ಶುರುವಾಯಿತು. ಹುಡುಗ ತಾಳಿ ಕಟ್ಟಿದ. ಆಯಿ ನೋವು ನುಂಗಿಕೊಂಡು ದಿಂಬಿನಿಂದ ಮೇಲೆದ್ದು, ಇದ್ದ ಶಕ್ತಿಯೆಲ್ಲ ಹಾಕಿ ಎಸೆದರು. ಕಾಳು ಪರದೆಗೆ ತಾಗಿ ನೆಲಕ್ಕೆ ಬಿದ್ದವು, ಒಂದಿಷ್ಟು ನನ್ನ ತಲೆಯ ಮೇಲೆ. “ನೂರ ವರ್ಷ ಬಾಳವ್ವಾ,” ಎನ್ನುತ್ತ ಅತ್ತರು. ನನಗೂ ಅಳು ಬಂತು, ಅದರಲ್ಲಿ ಅರ್ಧ ನಾಚಿಕೆಯದು.

ಕಣ್ಣೊರೆಸಿಕೊಂಡು ಆಯಿ ಕೇಳಿದರು, “ನೀ ಯಾಕಷ್ಟ ಅವಸರ ಮಾಡಿದಿ?”

ಹೇಳಿಬಿಟ್ಟೆ. ಟಿವಿಗೆ ಬರುವಷ್ಟರಲ್ಲಿ ಒಂದು ನಿಮಿಷದಷ್ಟು ತಡವಾಗುತ್ತದೆ, ನಾನು ಕೂಗಿದಾಗ ಅಲ್ಲಿ ಅಕ್ಕಿಕಾಳು ಬೀಳುತ್ತಿದ್ದವು, ತಪ್ಪು ನನ್ನದೇ ಎಂದೆ.

“ಅಂದ್ರ ನಾ ಹಾಕೂದ್ರಾಗ ಲಗ್ನ ಆಗಿ ಹೋಗಿತ್ತು?”

“ಹೌದ್ರಿ.”

ಬೈಯುತ್ತಾರೆಂದು ಕಾದೆ. ಬೈದಿದ್ದರೆ ನೆಟ್ಟಗಿರುತ್ತಿತ್ತು. ಅವರು ತಟ್ಟೆಯ ತಳಕ್ಕೆ ಅಂಟಿದ್ದ ಕಾಳುಗಳನ್ನು ಬೆರಳಿನಿಂದ ಒಂದು ಕಡೆ ಸರಿಸುತ್ತ ಕೂತರು.

ಅಷ್ಟರಲ್ಲಿ ಆಯಿಯ ಫೋನು ಬಡಿದುಕೊಂಡಿತು. ವಿಡಿಯೊ ಕಾಲಿನಲ್ಲಿ ಮದುಮಗಳು. ತಲೆತುಂಬ ಅಕ್ಕಿಕಾಳು, ಕಣ್ಣತುಂಬ ನೀರು.

“ಆಯಿ, ಹಾಕಿದೇನ? ನಾ ಕಣ್ಣ ಮುಚ್ಚಿ ನಿನ್ನ ನೆನಸಾಕತ್ತಿದ್ನಿ.”

“ಹಾಕದ ಬಿಡ್ತೇನೇನ ಹುಚ್ಚಿ? ಎಲ್ಲಾರಕಿಂತ ಮದ್ಲ ಬಿದ್ದದ್ದ ನನ್ನ ಕಾಳು. ಬೇಕಾದ್ರ ಈ ಸ್ಟುಡಿಯೋದಾಕೀನ ಕೇಳು.”

ಆಯಿ ಫೋನನ್ನು ನನ್ನ ಕಡೆ ತಿರುಗಿಸಿದರು. ಮದುಮಗಳು ನನ್ನನ್ನೇ ನೋಡುತ್ತಿದ್ದಳು.

“ಖರೇ ಐತ್ರಿ,” ಎಂದೆ. “ನಾನ ನೋಡೀನಿ.”