ಊಲ್ಕಾನಳ ಡೀಸೆಲ್ ಗಾಡಿ

ಬಾತ್ಕೆನ್ ಊರಿನ ಒಣ ಏಪ್ರಿಕಾಟ್ ಗೋದಾಮಿನಲ್ಲಿ ಡೀಸೆಲ್ ಫೋರ್ಕ್‌ಲಿಫ್ಟ್ ಓಡಿಸುವ ಊಲ್ಕಾನ್‌ಗೆ ಬಾಯಿ ದೊಡ್ಡದು, ಅವಳ ಗಾಡಿಗೆ ಇನ್ನೂ ದೊಡ್ಡದು. ಎರಡೂ ಒಟ್ಟಿಗೆ ಶುರುವಾದರೆ ಹಮಾಲರು ಟೋಪಿಯನ್ನು ಕಿವಿಯವರೆಗೆ ಎಳೆದುಕೊಳ್ಳುತ್ತಿದ್ದರು. ಕೆಸರು, ಹಿಮ, ಏರು, ಯಾವುದಕ್ಕೂ ಆ ಗಾಡಿ ಜಗ್ಗುತ್ತಿರಲಿಲ್ಲ. ಚಳಿಗಾಲದ ಬೆಳಿಗ್ಗೆ ಮಾತ್ರ ಅದರ ಹೊಟ್ಟೆಯ ಕೆಳಗೆ ಬೆಂಕಿ ಹಾಕಿ, ವಂಶವನ್ನೆಲ್ಲ ಬೈದು ಎಬ್ಬಿಸಬೇಕಿತ್ತು.

ಮಾಲೀಕ ಮಾಮಸಾಲಿಗೆ ಬ್ಯಾಟರಿ ಗಾಡಿಯ ಹುಚ್ಚು ಹಿಡಿದಿತ್ತು. ಎಲ್ಲರಂತೆ ಅವನೂ ಊಲ್ಕಾನ್‌ಳನ್ನು ಎಜೆ, ಅಂದರೆ ಅಕ್ಕ, ಎನ್ನುತ್ತಿದ್ದ.

"ಎಜೆ, ಬಿಷ್ಕೆಕ್‌ನಿಂದ ದೊಡ್ಡ ಗಿರಾಕಿ ಬರ್ತಿದಾನೆ. ಸರಕಲ್ಲಿ ಹೊಗೆ ವಾಸನೆ ಅಂದ್ರೆ ನಿಮ್ ಗಾಡಿ ಗುಜರಿಗೆ."

"ವಾಸನೆನಾ? ನಿನ್ ಕಾಲುಚೀಲದ್ದಿರ್ಬೇಕು, ನೋಡ್ಕೋ ಹೋಗು!"

ಹೀಗೆ ಅಂದಳೇ ಹೊರತು ಒಳಗೊಳಗೇ ಅವಳಿಗೆ ಪುಕಪುಕ. ಆ ಗಾಡಿ ಅಂದರೆ ಅವಳಿಗೆ ಪ್ರಾಣ. ಗಿರಾಕಿ ಬರುವ ದಿನ ಗಾಡಿ ತೊಳೆದಳು, ಗೋದಾಮಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟಳು. ಆ ಕಡೆ ಬಂದವರು ರೊಟ್ಟಿ ಮುರಿದು ಬಾಯಿಗಿಡದೆ ಯಾವ ಮಾತೂ ಮುಂದುವರಿಯುವುದಿಲ್ಲವಲ್ಲ. ಅದಕ್ಕೆಂದು ಒಳ್ಳೆಯ ರೊಟ್ಟಿ ಸುಟ್ಟು ತಂದು, ಬಟ್ಟೆಯಲ್ಲಿ ಸುತ್ತಿ, ಎಂದಿನಂತೆ ಎಂಜಿನ್ ಮುಚ್ಚಳದ ಮೇಲೆ ಬೆಚ್ಚಗಿಟ್ಟಳು. ಅಲ್ಲಿಯವರೆಲ್ಲ ದಿನಾ ತಿನ್ನುವುದು ಹಾಗೆ ಬೆಚ್ಚಗಾದ ರೊಟ್ಟಿಯನ್ನೇ. ಅವರ ಮೂಗುಗಳು ನಿವೃತ್ತಿಯಾಗಿ ಬಹಳ ಕಾಲವಾಗಿತ್ತು.

ಗಿರಾಕಿ ಒಂದು ಚೂರು ಮುರಿದು ಬಾಯಿಗಿಟ್ಟ. ಅಗಿಯುತ್ತಿದ್ದ ದವಡೆ ನಿಂತಿತು. ರೊಟ್ಟಿ ಉಗಿಯುವಂತಿಲ್ಲ, ಉಗಿದರೆ ಪಾಪ. ಕಣ್ಣಲ್ಲಿ ನೀರು ತುಂಬಿಕೊಂಡು ಬಡಪಾಯಿ ನುಂಗಿಯೇಬಿಟ್ಟ.

"ಎಜೆ, ಹಿಟ್ಟು ನಾದಿದ್ದು ನೀರಲ್ಲೋ ಡೀಸೆಲ್ಲಲ್ಲೋ?" ಎಂದವನು ಏಪ್ರಿಕಾಟನ್ನೂ ಮೂಸಿ, "ಇದೂ ಅದೇ ಅಡಿಗೆಮನೇದು" ಎಂದು ಕಾರು ಹತ್ತಿದ.

ಊಲ್ಕಾನ್ ಆ ರೊಟ್ಟಿಯ ಒಂದು ತುಂಡು ಬಾಯಿಗಿಟ್ಟು ನೋಡಿದಳು. ಅವಳಿಗೆ ರುಚಿಯಾಗಿಯೇ ಇತ್ತು.

ಬ್ಯಾಟರಿ ಗಾಡಿ ಬಂತು. ಒಳಗೆ ಹೊಗೆಯಿಲ್ಲ, ಸದ್ದಿಲ್ಲ, ಬೆಣ್ಣೆಯಂತೆ ಓಡಿತು. ಆದರೆ ಮೊದಲ ಹಿಮ ಬಿದ್ದ ದಿನ ಅಂಗಳದ ಏರಿನಲ್ಲಿ, ಪೆಟ್ಟಿಗೆಗಳನ್ನು ಎತ್ತಿ ಹಿಡಿದುಕೊಂಡೇ ಸದ್ದಿಲ್ಲದೆ ಪ್ರಾಣ ಬಿಟ್ಟಿತು. ಗುಜರಿಯವನು ಇನ್ನೂ ಬಂದಿರದ ಕಾರಣ ಡೀಸೆಲ್ ಗಾಡಿ ಮೂಲೆಯಲ್ಲೇ ಇತ್ತು. ಊಲ್ಕಾನ್ ಅದಕ್ಕೆ ಬೆಂಕಿ ಹಾಕಿ, ಬೈದು ಎಬ್ಬಿಸಿ, ಹೊಸದನ್ನು ದರದರ ಎಳೆದು ತಂದಳು.

ಮಾಮಸಾಲಿ ಸೋತ. "ಹೊರಗೆ ಹಳೇದೇ ಇರ್ಲಿ, ಒಳಗೆ ಹೊಸದು. ನಿಮಗೂ ವಯಸ್ಸಾಯ್ತು ಎಜೆ. ಬೆಚ್ಚಗೆ ಒಳಗೆ ಹೊಸದನ್ನ ಓಡಿಸ್ಕೊಂಡಿರಿ. ಚಳೀಲಿ ಹೊಗೆ ಕುಡಿಯೋಕೆ ಬೇರೆ ಯಾರನ್ನಾದ್ರೂ ಹಾಕ್ತೀನಿ."

"ಬೇಡಪ್ಪ," ಎಂದಳು ಊಲ್ಕಾನ್. "ನಿನ್ ಹೊಸ ಗಾಡಿ ಒಳ್ಳೇದೇ. ಕುಡಿಯಲ್ಲ, ಹೊಗೆ ಬಿಡಲ್ಲ, ಕೂಗಾಡಲ್ಲ. ನನ್ ಗಂಡನೂ ಹಂಗೇ ಇದ್ದ. ಒಂದಿನ ಬೆಳಿಗ್ಗೆ ಪಕ್ಕದಲ್ಲೇ ಸತ್ತಿದ್ದ ಕಣಪ್ಪ, ಚಹಾ ಕಾಯಿಸಿ ಕರೆಯೋ ತನಕ ನಂಗೆ ಗೊತ್ತೇ ಆಗ್ಲಿಲ್ಲ."

ಅಷ್ಟು ಹೇಳಿ ಹೊರಗೆ ಹೋಗಿ, ಡೀಸೆಲ್ ಗಾಡಿಯನ್ನು ಬಾಯಿಗೆ ಬಂದಂತೆ ಬೈಯತೊಡಗಿದಳು.